ಗಡಿಯಾರದ ಪರೀಕ್ಷೆ

ಕೋಡಿಬಾಗ, ಮಂಗಳವಾರ, ನಮೂನೆ ನಲವತ್ತೊಂದು.
‘ಗಡಿಯಾರ ಬರೆಯಿರಿ, ಹನ್ನೊಂದು ಹತ್ತು ತೋರಿಸಲಿ.’
ಸೇತುವೆಗೆ ಮೊದಲು ಕಾಳಿ ದಾಟಿಸುತ್ತಿದ್ದ
ಹಮ್ಮಣ್ಣ ಅಂಬಿಗ
ಪೆನ್ಸಿಲನ್ನು ಜಲ್ಲೆಯ ಹಾಗೆ ನೆಟ್ಟಗೆ ಹಿಡಿದ.
ದುಂಡಗೊಂದು ಗೆರೆ. ಮೇಲೊಂದು ಚುಕ್ಕೆ, ಕೆಳಗೊಂದು.
‘ಇದು ಭರತ, ಇದು ಇಳತ. ಮತ್ತೆಂತ ಬೇಕು?’

ಐದಕ್ಕೆ ಒಂದು, ದುಂಡಿಗೆ.
ಬರೆಯಲು ಕೈ ಏಳಲಿಲ್ಲ.
‘ಈಗ ಯಾವುದು?’ ಎಂದೆ,
ನಮೂನೆಯಲ್ಲಿ ಇಲ್ಲದ ಪ್ರಶ್ನೆ.
ಗಾಳಿಗೆ ಮೂಗೊಡ್ಡಿದ.
‘ಭರತ. ತುಂಬ್ತಾ ಬಂತು.’

ಕಿಟಕಿಯಾಚೆ
ದೋಣಿಗಳು ಕೆಸರಿನಲ್ಲಿ ವಾಲಿ ಮಲಗಿದ್ದವು.
ಹುಡುಗರು ಬಳಚು ಹೆಕ್ಕುತ್ತಿದ್ದರು.

ಅವನ ಮಗಳು ನನ್ನ ಮುಖ ನೋಡಿದಳು.
ಹೌದೆನ್ನಬಹುದು ಅಂದುಕೊಂಡಿದ್ದಳೇನೋ.
ನಾನೂ.
ಒಂದು ಎಂದು ಬರೆದು ಎದ್ದೆ.

‘ಚಪ್ಪಲಿ ತೆಗೀರಿ, ನೀರದೆ’
ಎಂದ ಹಮ್ಮಣ್ಣ.
ಒಣ ಅಂಗಳ.
ತೆಗೆದೆ.