ಅರ್ಧ ಹಾಜರಿ

ಮೂವತ್ತೊಂದು ವರ್ಷ ಚೆಕ್‌ರೋಲ್ ಬರೆದ ಕೈ ಇದು.
ಸಿದ್ದಾಪುರದಾಚೆ, ಹೊಳೆ ಬಳಸುವ ತೋಟದಲ್ಲಿ
ಬೆಳಗಿನ ಏಳಕ್ಕೆ ಹೆಸರು ಕೂಗುತ್ತಿದ್ದೆ.
ಬಂದವರಿಗೆ ಒಂದು ಗೀಟು, ತಡವಾದವರಿಗೆ ಅರ್ಧ,
ಬಾರದವರಿಗೆ ಸೊನ್ನೆ.
ರೈಟರ್ ಕಾಜೆತಾನರು ಬಂದರೆಂದರೆ
ಗಿಡಗಳ ನಡುವೆ ಕತ್ತಿಯ ಸದ್ದೂ ತಗ್ಗುತ್ತಿತ್ತು.

ನಿವೃತ್ತಿಯ ಮರುವರ್ಷ, ತಪಸ್ಸುಕಾಲದಲ್ಲಿ
ಫಾದರ್ ಕೇಳಿದರು:
"ಲೈನ್‌ಮನೆಗಳಲ್ಲಿ ಹಾಸಿಗೆ ಹಿಡಿದವರಿದ್ದಾರೆ,
ವಾರಕ್ಕೆರಡು ದಿನ ಹೋಗಿಬರಲು ಆಗುತ್ತದೆಯೆ?"
ಆಗುತ್ತದೆ ಅಂದೆ,
ಪೂಜೆ ಮುಗಿಸಿ ಹೊರಟವರಿಗೆಲ್ಲ ಕೇಳುವಷ್ಟು ಜೋರಾಗಿ.

ಹೊಸ ನೋಟ್‌ಬುಕ್ ಕೊಂಡೆ, ನೀಲಿ ರಟ್ಟಿನದು.
ದಿನಾಂಕ, ಮನೆ ನಂಬರು, ಮಾಡಿದ ಸೇವೆ:
ಗಂಜಿ ಕುಡಿಸಿದ್ದು, ಮಾತ್ರೆ ತಂದುಕೊಟ್ಟದ್ದು,
ಒಂದು ಕೀರ್ತನೆ ಓದಿದ್ದು.
ಪುಟದ ಕೊನೆಗೆ ಕೂಡಿಸಿ ಗೆರೆ ಎಳೆಯುತ್ತಿದ್ದೆ.
ಯಾರಿಗೆ ತೋರಿಸಲು? ಕೇಳಿಕೊಳ್ಳಲಿಲ್ಲ.
ಮೇಲಿನ ಧಣಿಗೂ ಲೆಕ್ಕ ಬೇಕಲ್ಲ
ಅಂತ ಒಳಗೆಲ್ಲೋ ಇದ್ದಿರಬೇಕು.

ಕೊನೆಯ ಲೈನಿನ ಕೊನೆಯ ಮನೆ ಸವೇರಿಯಮ್ಮನದು.
ಎರಡೂ ಕಣ್ಣಿಗೆ ಪೊರೆ, ಮಂಡಿ ಮಡಚದು.
ಉಳಿದವರು ಚಾಪೆ ಕೊಡವಿ "ಕೂತ್ಕೊಳ್ಳಿ ರೈಟರೇ" ಅನ್ನುವರು,
ನನ್ನ ಕೈಗೆ ಸೌಟು ಕೊಡಲು ನಾಚುವರು.
ಈಕೆ ಬಾಗಿಲ ಸದ್ದಿಗೇ ಶುರು:
"ಯಾರದು, ಚರ್ಚಿನ ಆಳಾ?
ಮೊದಲು ಆ ಪಾತ್ರೆ ಚೆಲ್ಲಿ ಬಾ. ರಾತ್ರಿಯದು."

ಚರ್ಚಿನ ಆಳು.
ಚೆಲ್ಲಿ ಬಂದೆ, ಹಲ್ಲು ಕಚ್ಚಿ.
ಪೀಠದ ಮುಂದೆ ಎಷ್ಟು ಸಲ ಹೇಳಿರಲಿಲ್ಲ ನಾನೇ,
ಪ್ರಭುವೇ, ನಿನ್ನ ಆಳು ನಾನು ಎಂದು!
ಅದೇ ಮಾತು ಬೇರೆ ಬಾಯಿಂದ ಬಿದ್ದು
ಚಗಳಿಯಂತೆ ಕಾಲರಿನೊಳಗೆ ಇಳಿಯಿತು.

"ಏಯ್, ನೀರು ಬಿಸಿ ಜಾಸ್ತಿ."
"ಬಟ್ಟೆ ಹಿಂಡೋದು ಹೀಗಲ್ಲ."
"ಓದೋದು ಆಮೇಲೆ ಓದು, ಬೆನ್ನು ಕೆರೆ."
ಎರಡು ವಾರ ಆ ಮನೆ ತಪ್ಪಿಸಿದೆ.
ನೋಟ್‌ಬುಕ್ಕಿನಲ್ಲಿ ಬರೆದೆ: ಮಳೆ.
ಮಳೆ ಬಂದಿರಲಿಲ್ಲ. ಕಾಫಿ ಮೊಗ್ಗಿಗೆ
ಪಂಪು ಹೊಳೆನೀರು ಚಿಮ್ಮುತ್ತಿತ್ತು, ಅಷ್ಟೆ.

ಪವಿತ್ರ ಗುರುವಾರದ ಹನ್ನೆರಡು ಜನರಲ್ಲಿ ನಾನೂ ಒಬ್ಬ.
ಮನೆಯಲ್ಲೇ ಸೋಪು ಹಚ್ಚಿ ಉಜ್ಜಿಕೊಂಡು ಹೋದ ಕಾಲಿಗೆ
ಫಾದರ್ ಮೂರು ಹನಿ ನೀರು ಬಿಟ್ಟು, ಒರೆಸಿ, ಮುತ್ತಿಟ್ಟರು.
ತೋಟವೆಲ್ಲ ಬಿಳಿ. ಕಿಟಕಿಯಿಂದ ಹೂವಿನ ವಾಸನೆ.
ಬಾಗಿದ ಅವರ ಬೋಳು ನೆತ್ತಿ ನೋಡುತ್ತಾ ನನಗೆ
ಆ ರಾತ್ರಿಯ ಪಾತ್ರೆ ನೆನಪಾಯಿತು.

ಮರುದಿನ ಬೆಳಿಗ್ಗೆ ಹೋದೆ. ಉಗುರು ತೆಗೆಯಬೇಕಿತ್ತು.
ಎಡಗಾಲಿನ ಹಿಮ್ಮಡಿಗೆ ಉದ್ದನೆಯ ಕಲೆ.
"ಅದಾ? ದಾರಿಲಿ ಆನೆ ನಿಂತಿತ್ತು.
ಓಡಿದೆ. ಸಿಲ್ವರ್ ಮರದ ಕೂಳೆ ಸೀಳಿತು.
ರಕ್ತ ಸುರಿಸಿಕೊಂಡೇ ಹೋದೆ ಕೆಲಸಕ್ಕೆ.
ಆ ರೈಟರ್ ಗಡಿಯಾರ ನೋಡಿ ಅರ್ಧ ಹಾಕಿದ."

ಕತ್ತರಿ ನಿಂತಿತು.
ಎಷ್ಟು ಸಾವಿರ ಅರ್ಧ ಬರೆದಿದ್ದೆ,
ಇದು ಯಾವ ದಿನದ್ದು, ನೆನಪೂ ಇಲ್ಲ.
"ಅಮ್ಮಾ, ಆ ರೈಟರ್ ನಾನೇ" ಅಂದೆ.

"ಗೊತ್ತು" ಅಂದಳು.
"ಮೊದಲ ದಿನವೇ. ನಿನ್ನ ಕೆಮ್ಮು.
ಅದು ಕೇಳಿದರೆ ನಾವು ಬೀಡಿ ಆರಿಸ್ತಿದ್ದೆವು."
ಪಕ್ಕದಲ್ಲಿ ಏನೋ ತಡಕಾಡಿದಳು, ಸಿಗಲಿಲ್ಲ.
"ಕ್ಷಮಿಸಿದೆ ಅಂತೀನಿ ಅಂದ್ಕೊಂಡೆಯಾ? ನೋಡೋಣ ಅದು.
ಈಗ ಇನ್ನೊಂದು ಕಾಲು ಹಿಡಿ."

ಹಿಡಿದೆ,
ಸಗಣಿ ಸಾರಿಸಿದ ನೆಲದಲ್ಲಿ ಕೂತು.
ಉಗುರಿನ ಚೂರು ಕಾಗದಕ್ಕೆ ಬೀಳುವ ಸದ್ದು ಬಿಟ್ಟರೆ
ಮತ್ತೇನೂ ಇರಲಿಲ್ಲ ಬಹಳ ಹೊತ್ತು.

ಹೊರಡುವಾಗ, "ಬರುವಾಗ ಬೆಲ್ಲ ತಾ. ಕಪ್ಪು ಬೆಲ್ಲ.
ಬಿಳಿಯದು ತಂದರೆ ನಾಲಿಗೆಗೆ ಗೊತ್ತಾಗ್ತದೆ."

ಆ ಸಂಜೆ ನೋಟ್‌ಬುಕ್ ತೆರೆದೆ.
ದಿನಾಂಕ ಹಾಕಲಿಲ್ಲ, ಮನೆ ನಂಬರೂ.
ಆಳು ಮರೆಯಬಾರದೆಂದು ಇಷ್ಟೇ ಬರೆದೆ:
ಕಪ್ಪು ಬೆಲ್ಲ.