ಆರೂವರೆ ಸೈಜು

ಕಾರವಾರದ ಜಿಲ್ಲಾಸ್ಪತ್ರೆ, ಸ್ಟೋರು.
ಏಳೂವರೆಯ ಕೈಗವಸು ಗೋಡೆಯೆತ್ತರ,
ಆರೂವರೆ ಒಂದೂ ಇಲ್ಲ.
ಡಾಕ್ಟರಮ್ಮನ ಬೆರಳು ಸಣ್ಣವು;
ಇಂಡೆಂಟಿಗೆ ಅದು ಗೊತ್ತಿಲ್ಲ.

ಚಾರ್ಜು ತೆಗೆದುಕೊಂಡ ದಿನ ಮೋಹಿನಿ ತಾಂಡೇಲ
ಕಪಾಟು ಬರಿದುಮಾಡಿ ನೆಲಕ್ಕೆ ಸುರುವಿದಳು:
ಹಿಂದೆ ಅವಧಿ ಮುಗಿದ ಹೊಲಿಗೆದಾರ, ಮುಂದೆ ಹೊಸತು.
"ನಮ್ಮ ಆಯಿ ಬಂಗಡೆ ಬುಟ್ಟಿ ಹೀಗೆ ಜೋಡಿಸಿದ್ದರೆ
ನಾವೆಲ್ಲ ಉಪವಾಸ" ಎಂದಳು.

ಹಳತು ಮುಂದಕ್ಕೆ ಬಂತು.
ಸೀಮೆಸುಣ್ಣದ ಗೆರೆಯೊಂದು ಬಿತ್ತು ಪ್ರತಿ ಹಲಗೆಗೆ:
ಇಷ್ಟಕ್ಕೆ ಇಳಿದರೆ ಬರೆಯಬೇಕು,
ಘಟ್ಟ ಕುಸಿಯುವ ಮೊದಲು.

ಆಷಾಢದ ರಾತ್ರಿ ಮೂರು ಗಂಟೆ.
ಅರಬೈಲಿನಲ್ಲಿ ಹುಬ್ಬಳ್ಳಿ ಲಾರಿ ನಿಂತಿದೆ.
ಒಳಗೆ ದೀಪದಡಿ ಡಾಕ್ಟರಮ್ಮ ಕೈ ಚಾಚುತ್ತಾಳೆ,
ಬೆರಳ ತುದಿಗೆ ಸಡಿಲವಿಲ್ಲ.

ಹೊರಗೆ ಮೋಹಿನಿ ಮತ್ತೆ ಎಣಿಸುತ್ತಾಳೆ:
ಹನ್ನೊಂದು. ಗೆರೆ ಹನ್ನೆರಡಕ್ಕಿದೆ.
ಪೆನ್ನು ಹುಡುಕುತ್ತಾಳೆ.