ಬಾಗಿಲಾಚೆಯ ಲೆಕ್ಕ

ಗಂಟೆ ಹೊಡೆಯುವವನು ನಾನು, ಕಾಯ್ತಾನ್.
ಮೂವತ್ತೊಂದು ವರ್ಷ
ಈ ಹಗ್ಗ ನನ್ನ ಅಂಗೈಯ ಗೆರೆಗಳನ್ನು ತಿಂದಿದೆ.
ಪೂಜೆ ಮುಗಿದ ಮೇಲೆ ರಿಜಿಸ್ಟರು ಬರೆಯುವವನೂ ನಾನೇ:
ಬಂದವರು ಇಷ್ಟು, ಕಾಣಿಕೆ ಇಷ್ಟು,
ಉರಿದ ಮೇಣದಬತ್ತಿ ಇಷ್ಟು.

ಇನ್ನೂರ ಹತ್ತು. ನೂರ ಅರವತ್ತು. ತೊಂಬತ್ತು.
ನನಗಿಂತ ಮೊದಲೇ ಬೆಂಚುಗಳಿಗೆ ಗೊತ್ತಾಗಿತ್ತು;
ಮುಂದಿನ ಸಾಲಿನ ಪಾಲಿಶು ಮಾಸಲೇ ಇಲ್ಲ.

ಹೊನ್ನಾವರದ ಕಡೆಯಿಂದ ಫಾದರ್ ಅನಿಸೆತ್ ಬಂದರು,
ಮೀಸೆ ಈಗಷ್ಟೇ ಗಟ್ಟಿಯಾಗಿದ್ದ ಹುಡುಗ.
ಮೊದಲ ದಿನವೇ ಕೇಳಿದರು:
"ಮಾಮ, ಬಾರದವರ ರಿಜಿಸ್ಟರು ಎಲ್ಲಿದೆ?"
ನಕ್ಕುಬಿಟ್ಟೆ. ಅಂಥ ಪುಸ್ತಕ
ಯಾವ ಬಿಷಪರೂ ಈವರೆಗೆ ಕೇಳಿಲ್ಲ ಫಾದರ್.

ಮಂಗಳವಾರ ಸಂಜೆ ವಾಡೆಯವರೆಲ್ಲ
ಯಾರಾದರೊಬ್ಬರ ಮನೆಯಲ್ಲಿ ಕೂಡುವುದೆಂದಾಯಿತು.
ಮೊದಲ ವಾರ ಪಿಯಾದ್ ಬಾಯಿಯ ಜಗಲಿ,
ಐದು ಜನ, ಒಂದು ನಾಯಿ.
ವಾಕ್ಯ ಓದಿದೆವು. ಆಮೇಲೆ
ಏನು ಮಾತಾಡಬೇಕೆಂದು ಯಾರಿಗೂ ತಿಳಿಯದೆ
ಸೊಳ್ಳೆ ಹೊಡೆಯುತ್ತ ಕೂತೆವು.
ಗಡಿಕಲ್ಲೊಂದರ ಸಲುವಾಗಿ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದ
ಇನಾಸನೂ ಸಾಂತಾನನೂ
ಒಂದೇ ಚಾಪೆಯ ಎರಡು ತುದಿ.
ಚಾಪೆ ಚಿಕ್ಕದು.

ಆಗ ಪಿಯಾದ್ ಬಾಯಿ ಅಂದಳು:
"ನೀವು ಒಳಗೆ ಕಣ್ಣು ಮುಚ್ಚಿ ಕೂರುವವರು.
ನಾನು ಮೀನುಬುಟ್ಟಿ ಇಳಿಸಿ ಹಿಂಬಾಗಿಲಲ್ಲಿ ನಿಲ್ಲುವವಳು.
ಮಾವಿನ ಮರದ ಕೆಳಗೆ ಏಳೆಂಟು ಹುಡುಗರು ಬರ್ತಾರಲ್ಲ, ಬೋಟಿನವರು,
ನೀವು ಎದ್ದರೆ ಏಳ್ತಾರೆ,
ನೀವು ಮೊಣಕಾಲೂರಿದರೆ ಊರ್ತಾರೆ, ಜಲ್ಲಿಕಲ್ಲಿನ ಮೇಲೆ.
ಯಾರವರು?"

ಯಾರವರು.
ಮೂವತ್ತೊಂದು ವರ್ಷ ಲೆಕ್ಕ ಬರೆದವನ ಕಿವಿ ಬಿಸಿಯಾಯಿತು.
ಹೊಸ್ತಿಲ ಒಳಗಿನ ತಲೆಗಳನ್ನಷ್ಟೇ ನಾನು ಎಣಿಸಿದ್ದೆ.

ಮುಂದಿನ ಮಂಗಳವಾರ ಅದೇ ಚಾಪೆ ಸುತ್ತಿಕೊಂಡು
ಬೈತಖೋಲ ಬಂದರಕ್ಕೆ ನಡೆದೆವು.
ಲೊರ್ಸಾಂವ್ ಮಾಸ್ತರರು ಬರಲಿಲ್ಲ.
"ಮೊದಲು ಇಗರ್ಜಿಯ ಮಾಡು ಸೋರುವುದನ್ನು ನೋಡಿ" ಅಂದರು.
ಅವರು ಹೇಳಿದ್ದು ಸುಳ್ಳೂ ಅಲ್ಲ.

ಡೀಸೆಲ್ ಹೊಗೆ, ಐಸಿನ ಚೂರು,
ಬಲೆಯ ಮೇಲೆ ಒಣಗಲು ಹರವಿದ ಬನಿಯನ್ನು.
ಜಾರ್ಖಂಡದ ಗುಡ್ಡದ ಮಕ್ಕಳವರು,
ಕಡಲನ್ನು ಮೊದಲು ಕಂಡದ್ದೇ ಇಲ್ಲಿ,
ಕಂಡ ಮೊದಲ ವಾರ ಬರೀ ವಾಂತಿ.
ಸಿಲ್ಬಾನುಸ್ ಕೆರ್ಕೆಟ್ಟಾ ಎಂಬವನ ಕೊರಳಲ್ಲಿ
ಬಲೆಯ ದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ.
"ಒಳಗೇಕೆ ಬರುವುದಿಲ್ಲ?" ಫಾದರ್ ಹಿಂದಿಯಲ್ಲಿ ಕೇಳಿದರು.
ಅವನು ತನ್ನ ತೋಳು ಮೂಸಿ ತೋರಿಸಿದ,
ಅಷ್ಟೇ.

ಪಿಯಾದ್ ಬಾಯಿ ಬಿದ್ದು ಬಿದ್ದು ನಕ್ಕಳು:
"ಸಾಂ ಪೇದ್ರು ಏನು ಮಲ್ಲಿಗೆ ಮಾರುತ್ತಿದ್ದನೇನೋ ಮಗಾ!"
ಅವನಿಗೆ ಕೊಂಕಣಿ ತಿಳಿಯದು. ಆದರೂ ನಕ್ಕ.

ಗಂಜಿ ಬಡಿಸಿದಳು, ಒಣ ಸೀಗಡಿಯ ಚಟ್ನಿ.
ಉಣ್ಣುವ ಮುನ್ನ ನಾವು ನಮ್ಮಲ್ಲಿ, ಅವರು ಅವರದರಲ್ಲಿ
ಒಂದೇ ತಂದೆಯನ್ನು ಕರೆದೆವು,
ಬೇರೆ ಬೇರೆ ಕಡೆ ಉಸಿರು ತೆಗೆದುಕೊಳ್ಳುತ್ತ,
ಕೊನೆಯಲ್ಲಿ ಹೇಗೋ ಒಟ್ಟಿಗೇ ಆಮೆನ್.
ಕ್ಷಮಿಸುವ ಸಾಲು ಬಂದಾಗ ಇನಾಸ್ ಕೆಮ್ಮಿದ.
ಆಮೇಲೆ ಸಾಂತಾನನ ತಟ್ಟೆಗೆ, ಮುಖ ನೋಡದೆ,
ಒಂದು ಸೌಟು ಗಂಜಿ ಹಾಕಿದ.
ಗಡಿಕಲ್ಲು ಇದ್ದಲ್ಲೇ ಇದೆ.

ಈಗ ಜ್ವರ ಬಂದ ಹುಡುಗನನ್ನು ಯಾರಾದರೂ
ಸರಕಾರಿ ಆಸ್ಪತ್ರೆಗೆ ಒಯ್ಯುತ್ತಾರೆ.
ಬಾಕಿ ಕೂಲಿ ಕೊಡದ ಬೋಟಿನ ಮಾಲೀಕನ ಅಂಗಳದಲ್ಲಿ
ಒಂದು ಬೆಳಿಗ್ಗೆ ಹನ್ನೊಂದು ಹೆಂಗಸರು
ಸುಮ್ಮನೆ ತೆರ್ಸು ಹೇಳುತ್ತ ಕೂತಿದ್ದರು;
ಐವತ್ತಮೂರನೆಯ ಮಣಿಗೆ ಅವನು ಪೆಟ್ಟಿಗೆ ತೆರೆದ.
ಮಾಡು ಇನ್ನೂ ಸೋರುತ್ತದೆ.

ಮೊನ್ನೆ ಭಾನುವಾರ ಬರೆದೆ: ತೊಂಬತ್ತೆಂಟು.
ಬರೆದದ್ದನ್ನು ಹೊಡೆದುಹಾಕಿದೆ.
ಎರಡು ಬೋಟು ಇನ್ನೂ ತಿರುಗಿ ಬಂದಿರಲಿಲ್ಲ,
ಸಿಲ್ಬಾನುಸ್ ನೀರಿನ ಮೇಲಿದ್ದ.
ಅವನನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಎದ್ದು ಹೋಗಿ, ಪೂಜೆ ಯಾವಾಗಲೋ ಮುಗಿದಿದ್ದರೂ,
ಇನ್ನೆರಡು ಎಳೆತ ಎಳೆದೆ.
ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು;
ಕೇಳಿಸಿತೋ ಇಲ್ಲವೋ.